ಗೇಯ್ನ್ ಎಂಬ ತಿರುಪು

ಕಾಲೇಜಿನ ವಾರ್ಷಿಕ ಸಂಚಿಕೆಗೆ ಬಿ.ಎ. ವಿದ್ಯಾರ್ಥಿಯೊಬ್ಬನು ಬರೆಯುವುದಾದರೆ ಪಂಪನನ್ನು ಕುರಿತೋ ಪ್ರಜಾಪ್ರಭುತ್ವವನ್ನು ಕುರಿತೋ ಬರೆಯುವುದು ವಾಡಿಕೆ. ನಾನು ವಾಹನದ ಸ್ಟೀರಿಯೋವನ್ನು ಕುರಿತು ಬರೆಯಹೊರಟಿರುವುದನ್ನು ಕೇಳಿ ಸಂಪಾದಕ ಮಂಡಲಿಯ ಮಿತ್ರರು ನಕ್ಕರು. ಇದು ವಿಜ್ಞಾನ ಕಾಲೇಜಿನ ಸಂಚಿಕೆಗೆ ಹೋಗಬೇಕಾದ ಲೇಖನವಲ್ಲವೇ ಎಂದರು. ವಿಜ್ಞಾನ ಓದಿದವರಿಗೆ ಇದು ಹೇಗೂ ಗೊತ್ತಿರುತ್ತದೆ. ಗೊತ್ತಿಲ್ಲದೆ ದುಡ್ಡು ಕಳೆದುಕೊಳ್ಳುವವರು ನಮ್ಮಂಥವರು. ಆದ್ದರಿಂದ ಇಲ್ಲಿಯೇ ಬರೆಯುತ್ತಿದ್ದೇನೆ. ವಾಚಕರು ನಾಲ್ಕಾರು ಲೆಕ್ಕಗಳನ್ನು ಸಹಿಸಿಕೊಳ್ಳಬೇಕು. ಗುಣಾಕಾರ, ಭಾಗಾಕಾರ, ಒಂದು ವರ್ಗಮೂಲ, ಇದಕ್ಕಿಂತ ಹೆಚ್ಚಿನ ಗಣಿತ ನನಗೂ ಬರುವುದಿಲ್ಲ.

ನನ್ನ ಸೋದರಮಾವ ಒಂದು ಟೆಂಪೋ ಟ್ರಾವೆಲರ್ ಇಟ್ಟುಕೊಂಡಿದ್ದಾರೆ. ಧರ್ಮಸ್ಥಳ, ಮಲೆ ಮಹದೇಶ್ವರ ಬೆಟ್ಟ, ಮದುವೆಯ ದಿಬ್ಬಣ, ಹೀಗೆ ಬಾಡಿಗೆ. ವಾಹನ ಗೊತ್ತುಮಾಡಲು ಬರುವವರು ಮೊದಲು ಸೀಟೆಷ್ಟು ಎಂದು ಕೇಳುತ್ತಾರೆ, ಎರಡನೆಯದಾಗಿ "ಸೌಂಡ್ ಚೆನ್ನಾಗಿದೆಯಾ?" ಎಂದು ಕೇಳುತ್ತಾರೆ. ಹಾಡಿಲ್ಲದ ಗಾಡಿಗೆ ಹುಡುಗರು ಬರುವುದಿಲ್ಲ, ಹುಡುಗರು ಒಪ್ಪದ ಗಾಡಿಯನ್ನು ಹಿರಿಯರು ಗೊತ್ತುಮಾಡುವುದಿಲ್ಲ. ಹೀಗಾಗಿ ಮಾವ ಜಿಲ್ಲಾ ಕೇಂದ್ರದ ಒಂದು ಅಂಗಡಿಯಲ್ಲಿ ಹೊಸ ಸ್ಟೀರಿಯೋ, ಪ್ರತ್ಯೇಕ ಆಂಪ್ಲಿಫಯರ್, ನಾಲ್ಕು ಸ್ಪೀಕರು ಹಾಕಿಸಿದರು. ಎರಡು ತಿಂಗಳ ಬಾಡಿಗೆಯಲ್ಲಿ ಡೀಸೆಲ್ಲು, ಸಾಲದ ಕಂತು ಕಳೆದು ಉಳಿದದ್ದೆಲ್ಲ ಅದಕ್ಕೆ ಹೋಯಿತು. ಅಂಗಡಿಯವರು ಹತ್ತು ನಿಮಿಷ ಹಾಡು ಹಾಕಿ ತೋರಿಸಿದರು. ಗಾಜು ನಡುಗಿತು. ಮಾವ ಸಂತೋಷದಿಂದ ಬಂದರು. ಮೂರನೆಯ ವಾರಕ್ಕೆ ಹಿಂದಿನ ಎರಡು ಸ್ಪೀಕರುಗಳು ಕರಕಲು ವಾಸನೆ ಬಿಟ್ಟು ಸುಮ್ಮನಾದವು. ಅಂಗಡಿಗೆ ಹೋದರೆ, "ನೀವು ಜಾಸ್ತಿ ಜೋರು ಇಟ್ಟಿದೀರ" ಎಂಬ ಉತ್ತರ. ಮತ್ತೆರಡು ಸ್ಪೀಕರು ಕೊಂಡರು. ಅವೂ ಅದೇ ದಾರಿ ಹಿಡಿದವು.

ಆಗ ಮಾವ ಆಂಪ್ಲಿಫಯರಿನ ಜೊತೆ ಬಂದ ಪುಸ್ತಿಕೆಯನ್ನು ನನ್ನ ಕೈಗೆ ಕೊಟ್ಟರು. "ನೀನು ಬಿ.ಎ. ಓದ್ತಿದೀಯಲ್ಲಪ್ಪ, ಇದ್ರಲ್ಲಿ ಏನ್ ಬರ್ದವ್ರೆ ನೋಡು" ಎಂದರು. ನಮ್ಮ ಮನೆತನದಲ್ಲಿ ಕಾಲೇಜು ಹತ್ತಿದವನು ನಾನೊಬ್ಬನೇ. ಇಂಗ್ಲಿಷಿನಲ್ಲಿ ಅಚ್ಚಾದದ್ದೇನು ಬಂದರೂ, ಬ್ಯಾಂಕಿನ ಕಾಗದವಿರಲಿ, ಔಷಧಿಯ ಚೀಟಿಯಿರಲಿ, ನನ್ನ ಮುಂದೆ ಬರುತ್ತದೆ. ಓದಿದೆ. ಅಕ್ಷರಗಳು ತಿಳಿದವು, ಅರ್ಥ ತಿಳಿಯಲಿಲ್ಲ. "ಇನ್‌ಪುಟ್ ಸೆನ್ಸಿಟಿವಿಟಿ: ೦.೨ ವೋಲ್ಟಿನಿಂದ ೪ ವೋಲ್ಟ್" ಎಂದಿತ್ತು. ಮಾವನಿಗೆ, "ಇದು ಕರೆಂಟಿನ ವಿಷಯ ಮಾವ" ಎಂದು ಹೇಳಿ ಪುಸ್ತಿಕೆ ಮಡಿಸಿದೆ. ಅವರು ಮರುಮಾತಾಡಲಿಲ್ಲ. ಮರುಮಾತಾಡಿದ್ದರೆ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಆ ಸಾಲಿನ ಅರ್ಥವನ್ನು ನನಗೆ ಹೇಳಿಕೊಟ್ಟವನು ಹತ್ತನೆಯ ತರಗತಿಯವರೆಗೆ ನನ್ನ ಪಕ್ಕದಲ್ಲಿ ಕುಳಿತು, ಆಮೇಲೆ ಐ.ಟಿ.ಐ. ಸೇರಿದ ಗೆಳೆಯ. ಅವನಿಂದ ಕಲಿತದ್ದನ್ನೂ, ಕಲಿತ ಮೇಲೆ ನನಗನ್ನಿಸಿದ್ದನ್ನೂ ಇಲ್ಲಿ ನಿವೇದಿಸುತ್ತೇನೆ.

ಸ್ಟೀರಿಯೋ ಎಂಬ ಪೆಟ್ಟಿಗೆ ಡ್ಯಾಷ್‌ಬೋರ್ಡಿನಲ್ಲಿರುತ್ತದೆ. ಆಂಪ್ಲಿಫಯರ್ ಸೀಟಿನ ಕೆಳಗಿರುತ್ತದೆ. ಮೊದಲನೆಯದು ಹಾಡನ್ನು ಸಣ್ಣ ವಿದ್ಯುತ್ ಸಂಕೇತವಾಗಿ ಒಂದು ತಂತಿಯ ಮೂಲಕ ಕಳುಹಿಸುತ್ತದೆ. ಎರಡನೆಯದು ಅದನ್ನು ಹಲವು ಪಟ್ಟು ಹಿಗ್ಗಿಸಿ ಸ್ಪೀಕರಿಗೆ ಕೊಡುತ್ತದೆ. ಕಳುಹಿಸುವ ಸಂಕೇತ ಎಲ್ಲ ಸ್ಟೀರಿಯೋಗಳಲ್ಲಿ ಒಂದೇ ಅಲ್ಲ. ಸಾಮಾನ್ಯ ದರದವುಗಳಲ್ಲಿ ಅದು ಹೆಚ್ಚೆಂದರೆ ೨ ವೋಲ್ಟ್. ಬೆಲೆ ಏರಿದಂತೆ ೪ ಅಥವಾ ೫ ವೋಲ್ಟ್. ಇನ್ನು ಆಂಪ್ಲಿಫಯರಿನ "ಸೆನ್ಸಿಟಿವಿಟಿ" ಎಂದರೆ, ತನ್ನ ಪೂರ್ಣ ಶಕ್ತಿಯನ್ನು ಹೊರಗೆ ಕೊಡಲು ಅದಕ್ಕೆ ಒಳಗೆ ಎಷ್ಟು ವೋಲ್ಟು ಬೇಕು ಎಂಬ ಅಳತೆ. ಇದನ್ನು ಗ್ರಹಣಶಕ್ತಿ ಎಂದು ಕನ್ನಡಿಸಬಹುದು, ಆದರೆ ಒಂದು ಎಚ್ಚರಿಕೆ ಬೇಕು. ಇಲ್ಲಿ ಅಂಕಿ ಚಿಕ್ಕದಾದಷ್ಟೂ ಗ್ರಹಣಶಕ್ತಿ ಹೆಚ್ಚು. ಕಿವಿ ಚುರುಕಾದವರಿಗೆ ಪಿಸುಮಾತು ಸಾಕು, ಕಿವಿ ಮಂದವಾದವರಿಗೆ ಕೂಗಬೇಕು, ಅದರಂತೆಯೇ. ೦.೨ ವೋಲ್ಟಿಗೆ ಇಟ್ಟ ಆಂಪ್ಲಿಫಯರು ಪಿಸುಮಾತು ಕೇಳಿಸಿಕೊಳ್ಳಲು ಕಿವಿ ನಿಮಿರಿಸಿ ಕುಳಿತಿರುತ್ತದೆ. ೪ ವೋಲ್ಟಿಗೆ ಇಟ್ಟದ್ದು ಕೂಗುವವನಿಗಾಗಿ ಕಾದಿರುತ್ತದೆ. ಕಿವಿಯನ್ನು ಹೀಗೆ ಚುರುಕು ಮಾಡುವ, ಮಂದ ಮಾಡುವ ತಿರುಪಿಗೇ ಗೇಯ್ನ್ ಎಂದು ಹೆಸರು. ಆಂಪ್ಲಿಫಯರಿನ ಪಕ್ಕದಲ್ಲಿ ಸ್ಕ್ರೂ ಡ್ರೈವರಿನಿಂದ ತಿರುಗಿಸುವಂತೆ ಒಂದು ಸಣ್ಣ ಗುಳಿಯಲ್ಲಿರುತ್ತದೆ. ಅದು ದನಿಯನ್ನು ಏರಿಸುವ ಗುಂಡಿಯಾಗಿದ್ದರೆ ಸೀಟಿನ ಕೆಳಗೆ ಏಕೆ ಬಚ್ಚಿಡುತ್ತಿದ್ದರು?

ಈಗ ಮಾವನ ಗಾಡಿಯ ಲೆಕ್ಕ. ಅವರ ಆಂಪ್ಲಿಫಯರು ೪ ಓಮ್ ಸ್ಪೀಕರಿಗೆ ೭೫ ವಾಟ್ ಕೊಡಬಲ್ಲದು. ವಾಟನ್ನು ಓಮಿನಿಂದ ಗುಣಿಸಿ ವರ್ಗಮೂಲ ತೆಗೆದರೆ ವೋಲ್ಟು ಬರುತ್ತದೆ: ೭೫ ಇಂಟು ೪, ೩೦೦, ಅದರ ವರ್ಗಮೂಲ ಸುಮಾರು ೧೭.೩. ಅಂದರೆ ಆ ಪೆಟ್ಟಿಗೆಯ ತಾಕತ್ತು ೧೭.೩ ವೋಲ್ಟಿಗೆ ಮುಗಿಯಿತು. ಅಂಗಡಿಯವರು ಗೇಯ್ನ್ ತಿರುಪನ್ನು ಕೊನೆಯವರೆಗೆ, ಎಂದರೆ ೦.೨ ವೋಲ್ಟಿನ ಗುರುತಿಗೆ ತಿರುಗಿಸಿಟ್ಟಿದ್ದರು. ಆಗ ಅದು ಬಂದ ಸಂಕೇತವನ್ನು ಸುಮಾರು ೮೭ ಪಟ್ಟು ಹಿಗ್ಗಿಸುತ್ತದೆ. ಮಾವನ ಸ್ಟೀರಿಯೋ ಪೂರ್ತಿ ದನಿಯಲ್ಲಿ ೨ ವೋಲ್ಟ್ ಕಳುಹಿಸುತ್ತದೆ. ೨ನ್ನು ೮೭ರಿಂದ ಗುಣಿಸಿದರೆ ೧೭೪! ೧೭ ವೋಲ್ಟಿಗೆ ಸುಸ್ತಾಗುವ ಬಡ ಪೆಟ್ಟಿಗೆಯಿಂದ ೧೭೪ ವೋಲ್ಟ್ ಕೇಳಿದಂತಾಯಿತು.

ಕೇಳಿದರೆ ಅದು ಕೊಡುವುದಿಲ್ಲ. ಕೊಡಲು ಅದರ ಬಳಿ ಇಲ್ಲ. ಆದರೆ ಇಲ್ಲವೆಂದು ಸುಮ್ಮನಿರುವುದೂ ಇಲ್ಲ. ನಾದದ ಅಲೆ ದುಂಡಗೆ ಏರಿ ದುಂಡಗೆ ಇಳಿಯಬೇಕಷ್ಟೆ. ತನ್ನ ಮಿತಿ ಮುಟ್ಟಿದ ಕೂಡಲೆ ಆಂಪ್ಲಿಫಯರು ಅಲೆಯ ತಲೆಯನ್ನು ಕತ್ತಿಯಿಂದ ಸವರಿದಂತೆ ಚಪ್ಪಟೆ ಮಾಡಿಬಿಡುತ್ತದೆ. ಇದಕ್ಕೆ ಕ್ಲಿಪ್ಪಿಂಗ್ ಎನ್ನುತ್ತಾರೆ. ಕಿವಿಗೆ ಅದು ಹರಿದ ತಮಟೆಯಂತೆ ಕೇಳುತ್ತದೆ. ಕಿವಿಯ ಕಷ್ಟವಾದರೂ ಹೋಗಲಿ, ಚಪ್ಪಟೆಯಾದ ಅಲೆ ಅದೇ ಎತ್ತರದ ದುಂಡು ಅಲೆಗಿಂತ ಎರಡು ಪಟ್ಟಿನವರೆಗೆ ಶಕ್ತಿಯನ್ನು ಸ್ಪೀಕರಿಗೆ ತುಂಬುತ್ತದೆ. ೭೫ ವಾಟಿನ ಪೆಟ್ಟಿಗೆ ಹೀಗೆ ೧೫೦ ವಾಟಿನತ್ತ ನಡೆಯುತ್ತದೆ. ಮಾವ ಕೊಂಡ ಸ್ಪೀಕರುಗಳು ತಾಳುವುದು ೫೦ ವಾಟ್. ಅದರೊಳಗಿನ ಕೂದಲೆಳೆಯಂಥ ತಾಮ್ರದ ಸುರುಳಿ ಕಾಯುತ್ತದೆ, ಅಂಟು ಕರಗುತ್ತದೆ, ವಾಸನೆ ಬರುತ್ತದೆ. ಆಮೇಲೆ ಅಂಗಡಿಯವರು ಜೋರು ಇಟ್ಟದ್ದಕ್ಕೆ ಮಾವನನ್ನು ದೂರುತ್ತಾರೆ.

ನಿಜಕ್ಕೂ ಮಾವ ಜೋರು ಇಟ್ಟಿರಲೇ ಇಲ್ಲ. ಅವರ ಸ್ಟೀರಿಯೋದ ದನಿ ಒಂದರಿಂದ ನಲವತ್ತರವರೆಗೆ ಹೋಗುತ್ತದೆ. ಅವರು ಇಪ್ಪತ್ತನ್ನು ದಾಟಿದವರಲ್ಲ. ಸ್ಟೀರಿಯೋ ೦.೨ ವೋಲ್ಟ್ ಕಳುಹಿಸಿದಾಗಲೇ, ಎಂದರೆ ತನ್ನ ಶಕ್ತಿಯ ಹತ್ತನೆಯ ಒಂದು ಪಾಲಿನಲ್ಲೇ, ಆಂಪ್ಲಿಫಯರು ಮಿತಿ ಮುಟ್ಟುತ್ತಿತ್ತು. ಅರ್ಧ ದಾರಿಯಲ್ಲಿದ್ದೇನೆಂದು ತಿಳಿದವನು ಹಳ್ಳದ ಅಂಚಿನಲ್ಲಿದ್ದ.

ಇನ್ನೊಂದು ತೊಂದರೆಯೂ ಇತ್ತು. ಗಾಡಿ ವೇಗ ಹೆಚ್ಚಿಸಿದಂತೆ ಸ್ಪೀಕರಿನಲ್ಲಿ ಸಣ್ಣಗೆ ಸೀಟಿ ಹೊಡೆದಂಥ ಸದ್ದು. ಮಾವ ಅದನ್ನು ಎಂಜಿನ್ನಿನ ದೋಷವೆಂದು ಮೆಕ್ಯಾನಿಕ್ಕಿಗೆ ತೋರಿಸಿ ಬಂದಿದ್ದರು. ಅದು ಎಂಜಿನ್ನಿನದಲ್ಲ. ಬ್ಯಾಟರಿಯನ್ನು ತುಂಬುವ ಆಲ್ಟರ್ನೇಟರಿನ ಗುಂಯ್‌ಗುಟ್ಟುವಿಕೆ ತಂತಿಯೊಳಗೆ ನುಸುಳಿ ಬರುತ್ತದೆ. ಅರ್ತ್ ಸರಿಯಾಗಿ ಕೊಡದಿದ್ದರೂ ಬರುತ್ತದೆ, ಅದು ಬೇರೆ ಕಥೆ. ಹಾಡನ್ನು ೮೭ ಪಟ್ಟು ಹಿಗ್ಗಿಸುವ ಪೆಟ್ಟಿಗೆ ತಂತಿಯಲ್ಲಿ ಬಂದ ಕಸವನ್ನೂ ೮೭ ಪಟ್ಟು ಹಿಗ್ಗಿಸುತ್ತದೆ. ತಿರುಪನ್ನು ೨ ವೋಲ್ಟಿಗೆ ಇಟ್ಟರೆ ಹಿಗ್ಗುವುದು ಒಂಬತ್ತು ಪಟ್ಟಿಗೂ ಕಡಿಮೆ. ಹಾಡು ಅಷ್ಟೇ ಜೋರಾಗಿ ಬರುತ್ತದೆ, ಏಕೆಂದರೆ ಸ್ಟೀರಿಯೋ ತಾನೇ ಗಟ್ಟಿಯಾಗಿ ಮಾತಾಡುತ್ತಿದೆ. ಕಸ ಮಾತ್ರ ಹತ್ತರಲ್ಲಿ ಒಂದು ಪಾಲಾಗುತ್ತದೆ.

ಇಲ್ಲಿ ಕೆಲವರು ಒಂದು ಉಪದೇಶ ಕೊಡುವುದುಂಟು: "೪ ವೋಲ್ಟಿನ ಸ್ಟೀರಿಯೋ ತಗೊಳ್ಳಿ, ಎಲ್ಲ ಸರಿಹೋಗುತ್ತೆ." ಇದನ್ನು ನಾನು ಖಂಡಿತವಾಗಿ ವಿರೋಧಿಸುತ್ತೇನೆ. ತಿರುಪು ಕೊನೆಯಲ್ಲೇ ನಿಂತಿದ್ದರೆ ೪ ವೋಲ್ಟ್ ಬಂದಾಗ ಅನಾಹುತ ಇಮ್ಮಡಿಯಾಗುವುದೇ ಹೊರತು ಕಡಿಮೆಯಾಗುವುದಿಲ್ಲ. ಕಿವಿ ಚುರುಕಾದವನ ಬಳಿ ಇನ್ನೂ ಗಟ್ಟಿಯಾಗಿ ಕಿರುಚಿದಂತೆ ಅದು. ಹೆಚ್ಚು ವೋಲ್ಟಿನ ಸ್ಟೀರಿಯೋದಿಂದ ಲಾಭವಿದೆ, ನಿಜ. ಆದರೆ ಗೇಯ್ನನ್ನು ಅದಕ್ಕೆ ತಕ್ಕಂತೆ ಇಳಿಸಿದವನಿಗೆ ಮಾತ್ರ. ತಿರುಪು ಮುಟ್ಟದೆ ಪೆಟ್ಟಿಗೆ ಬದಲಿಸುವುದು ಅಂಗಡಿಗೆ ಲಾಭ.

ಕಾರಿಗೆ ರೇಡಿಯೋ ಹೊಂದಿಸುವ ಕೆಲಸ ಹೊಸದೇನಲ್ಲ. ಅಮೆರಿಕದಲ್ಲಿ ಗ್ಯಾಲ್ವಿನ್ ಎಂಬ ಸಂಸ್ಥೆ ೧೯೩೦ರಲ್ಲೇ ಮೋಟರೋಲಾ ಎಂಬ ಹೆಸರಿನಲ್ಲಿ ಕಾರಿನ ರೇಡಿಯೋ ಮಾರಿತು. ಆದರೆ ರೇಡಿಯೋ, ಅದರ ವರ್ಧಕ, ಅದರ ಸ್ಪೀಕರು ಎಲ್ಲವೂ ಒಬ್ಬನೇ ತಯಾರಕನಿಂದ ಒಂದೇ ಜೋಡಣೆಯಾಗಿ ಬಂದಾಗ ಅಳತೆ ಹೊಂದಿಸುವ ಕೆಲಸ ಕಾರ್ಖಾನೆಯಲ್ಲೇ ಮುಗಿದಿರುತ್ತದೆ. ಈಗ ನಾವು ಸ್ಟೀರಿಯೋವನ್ನು ಒಬ್ಬರದು, ಆಂಪ್ಲಿಫಯರನ್ನು ಇನ್ನೊಬ್ಬರದು, ಸ್ಪೀಕರನ್ನು ಮತ್ತೊಬ್ಬರದು ಕೊಳ್ಳುತ್ತೇವೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಾಲುಸಾಲಾಗಿ ಇವೇ ಪೆಟ್ಟಿಗೆಗಳು. ಹೀಗೆ ಕೊಂಡಾಗ, ಕಾರ್ಖಾನೆ ಮಾಡುತ್ತಿದ್ದ ಹೊಂದಾಣಿಕೆಯನ್ನು ಕೂಡಿಸುವವನು ಮಾಡಬೇಕು. ಅವನು ಕೂಲಿ ಪಡೆಯುವುದು ತಂತಿ ಸುತ್ತುವುದಕ್ಕೆ ಮಾತ್ರವಲ್ಲ, ಇದಕ್ಕೂ ಎಂಬುದು ನನ್ನ ಅಭಿಪ್ರಾಯ.

ಅಂಗಡಿಯವರ ಪರವಾಗಿಯೂ ಒಂದು ಮಾತು ಹೇಳಬೇಕು. ಗೇಯ್ನನ್ನು ಪೂರ್ತಿ ತಿರುಗಿಸಿಟ್ಟರೆ ದನಿಯ ಗುಂಡಿಯನ್ನು ಸ್ವಲ್ಪ ಮುಟ್ಟಿದರೂ ಗಾಜು ನಡುಗುತ್ತದೆ. ಗಿರಾಕಿ ಬೆರಗಾಗುತ್ತಾನೆ. ಅಳತೆಯಿಂದ ಇಟ್ಟ ಪಕ್ಕದ ಅಂಗಡಿಯ ಪೆಟ್ಟಿಗೆಯಲ್ಲಿ ಅದೇ ದನಿಗೆ ಗುಂಡಿಯನ್ನು ಮುಕ್ಕಾಲು ತಿರುಗಿಸಬೇಕಾಗುತ್ತದೆ. ಗಿರಾಕಿಗೆ ಅದು ಬಲಹೀನವೆನ್ನಿಸುತ್ತದೆ. ತಪ್ಪಿನಲ್ಲಿ ನಮ್ಮದೂ ಪಾಲಿದೆ. ನಾವು ಕೇಳುವುದು "ಎಷ್ಟು ವಾಟ್?" ಎಂದು ಮಾತ್ರ. ಕೇಳಿದ ಪ್ರಶ್ನೆಗೆ ತಕ್ಕ ಉತ್ತರ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ.

ಆ ದಪ್ಪಕ್ಷರದ ಕಥೆ ಸ್ವಾರಸ್ಯವಾಗಿದೆ. ಹಲವು ಸ್ಟೀರಿಯೋಗಳ ಮೇಲೆ ೫೦ ವಾಟ್ ಇಂಟು ೪ ಎಂದಿರುತ್ತದೆ. ಗಾಡಿ ಓಡುವಾಗ ವಿದ್ಯುತ್ತು ೧೪.೪ ವೋಲ್ಟಿನ ಆಸುಪಾಸು. ೧೪.೪ನ್ನು ಅದರಿಂದಲೇ ಗುಣಿಸಿ ೪ ಓಮಿನಿಂದ ಭಾಗಿಸಿ ನೋಡಿ: ೫೧.೮ ಬರುತ್ತದೆ. ಎಂದರೆ ಅಲೆ ಪೂರ್ತಿ ಚಪ್ಪಟೆಯಾಗಿ, ಹಾಡು ಹಾಡಾಗಿ ಉಳಿಯದೆ ಇದ್ದಾಗ ಬರುವ ಶಕ್ತಿ ಅದು. ದುಂಡು ಅಲೆಗೆ ಅದರ ಅರ್ಧ, ೨೬ ವಾಟ್, ಪರಮಾವಧಿ. ನಿಜವಾಗಿ ಸಿಕ್ಕುವುದು ಅದಕ್ಕೂ ಕಡಿಮೆ. ೨೦೦೩ರಲ್ಲಿ ಅಮೆರಿಕದಲ್ಲಿ ಸಿ.ಇ.ಎ.-೨೦೦೬ ಎಂಬ ನಿಯಮ ಬಂತು: ಆಂಪ್ಲಿಫಯರಿನ ಶಕ್ತಿಯನ್ನು ೧೪.೪ ವೋಲ್ಟಿನಲ್ಲಿ, ೪ ಓಮಿಗೆ, ವಿಕೃತಿ ನೂರಕ್ಕೆ ಒಂದನ್ನು ಮೀರದಂತೆ ಅಳೆದು ಹೇಳಬೇಕು ಎಂದು. ಒಪ್ಪಿದವರಿಗೆ ಮಾತ್ರ ಆ ನಿಯಮ, ಬಲವಂತವಿಲ್ಲ. ಆದರೂ ಅದರ ಗುರುತಿರುವ ಡಬ್ಬಿಯ ವಾಟನ್ನು ನಂಬಿ ಲೆಕ್ಕ ಹಾಕಬಹುದು.

ಇನ್ನು ಹೊಂದಿಸುವ ಬಗೆ. ಗೆಳೆಯ ಮಾಡಿದ್ದನ್ನು ನಾನು ಪಕ್ಕದಲ್ಲಿ ಕುಳಿತು ನೋಡಿದೆ. ಎರಡನೆಯ ಸಲ ನಾನೇ ಮಾಡಿದೆ. ಮೊದಲು ಸ್ಪೀಕರಿನ ತಂತಿಗಳನ್ನು ಆಂಪ್ಲಿಫಯರಿನಿಂದ ಬಿಚ್ಚಿದೆವು. ಬಾಸ್ ಬೂಸ್ಟು, ಈಕ್ವಲೈಜರು, ಫಿಲ್ಟರು, ಇಂಥ ಅಲಂಕಾರಗಳನ್ನೆಲ್ಲ ಆರಿಸಿದೆವು. ಗೇಯ್ನನ್ನು ಪೂರ್ತಿ ಇಳಿಸಿದೆವು. ಹಾಡಿನ ಬದಲು ಒಂದೇ ಸಮನಾದ ಸ್ವರವೊಂದನ್ನು, ಸೆಕೆಂಡಿಗೆ ೧೦೦ ಕಂಪನದ್ದು, ಪೂರ್ಣ ಮಟ್ಟದಲ್ಲಿ ಮುದ್ರಿತವಾದದ್ದು, ಪೆನ್ ಡ್ರೈವಿನಲ್ಲಿ ಹಾಕಿ ನುಡಿಸಿದೆವು. ಸಾಮಾನ್ಯವಾಗಿ ೧೦೦೦ ಕಂಪನದ ಸ್ವರ ಬಳಸಿ ಎನ್ನುತ್ತಾರೆ. ಆದರೆ ಅಗ್ಗದ ಮೀಟರುಗಳಲ್ಲಿ ಎಷ್ಟೋ ೪೦೦ ಕಂಪನದ ಮೇಲೆ ಸರಿಯಾಗಿ ತೋರಿಸುವ ಭರವಸೆ ಕೊಡುವುದಿಲ್ಲ, ನಮ್ಮದು ಅಗ್ಗದ್ದೇ. ಸ್ಟೀರಿಯೋದ ದನಿಯನ್ನು ನಲವತ್ತರಲ್ಲಿ ಮೂವತ್ತಕ್ಕೆ ಇಟ್ಟೆವು, ಏಕೆಂದರೆ ಕೆಲವು ಸ್ಟೀರಿಯೋಗಳು ಕೊನೆಯ ಮೆಟ್ಟಿಲುಗಳಲ್ಲಿ ತಾವೇ ಅಲೆಯನ್ನು ಕತ್ತರಿಸುತ್ತವೆ. ಆಮೇಲೆ ಮೀಟರನ್ನು ಎ.ಸಿ. ವೋಲ್ಟಿಗೆ ತಿರುಗಿಸಿ, ಅದರ ಕಡ್ಡಿಗಳನ್ನು ಆಂಪ್ಲಿಫಯರಿನ ಸ್ಪೀಕರ್ ತುದಿಗಳಿಗೆ ಹಿಡಿದು, ಗೇಯ್ನನ್ನು ಕೂದಲೆಳೆಯಷ್ಟಾಗಿ ಏರಿಸುತ್ತ ಹೋದೆವು.

ಎಲ್ಲಿ ನಿಲ್ಲಿಸಬೇಕು? ಆಂಪ್ಲಿಫಯರು ೧೭.೩ ವೋಲ್ಟಿನವರೆಗೆ ಹೋಗಬಲ್ಲದು. ಆದರೆ ಸ್ಪೀಕರು ತಾಳುವುದು ೫೦ ವಾಟ್. ೫೦ ಇಂಟು ೪, ೨೦೦, ವರ್ಗಮೂಲ ೧೪.೧. ಎರಡರಲ್ಲಿ ಚಿಕ್ಕದನ್ನು ಹಿಡಿಯಬೇಕು. ಮೀಟರು ೧೪.೧ ತೋರಿಸಿದಾಗ ಗೆಳೆಯ ಕೈ ತೆಗೆದ. ಒಟ್ಟು ಇಪ್ಪತ್ತು ನಿಮಿಷದ ಕೆಲಸ. ತಿರುಪು ಎಲ್ಲಿ ನಿಂತಿತ್ತೆಂದು ಬಗ್ಗಿ ನೋಡಿದೆ. ಅರ್ಧಕ್ಕಿಂತ ಬಹಳ ಕೆಳಗೆ.

ಅನುಭವಸ್ಥರು ಮೀಟರಿಲ್ಲದೆ ಕಿವಿಯಿಂದಲೇ ಇದನ್ನು ಮಾಡುತ್ತಾರೆ. ದನಿ ಒಡೆಯುವ ಕ್ಷಣವನ್ನು ಹಿಡಿದು ಸ್ವಲ್ಪ ಹಿಂದಕ್ಕೆ ತಿರುಗಿಸುತ್ತಾರೆ. ಅಂಥ ಕಿವಿಯವರಿಗೆ ನಮಸ್ಕಾರ. ಆದರೆ ಹಾರನ್ನುಗಳ ಮಧ್ಯೆ, ಪಕ್ಕದ ಅಂಗಡಿಯ ಹಾಡಿನ ಮಧ್ಯೆ, ಗಿರಾಕಿ ಅವಸರ ಮಾಡುತ್ತಿರುವಾಗ ಆ ಕಿವಿ ಎಷ್ಟು ನಂಬಿಕೆಗೆ ಅರ್ಹ? ನೂರಾರು ರೂಪಾಯಿಯ ಮೀಟರು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಯಾವ ಅಂಗಡಿಗೆ ಹೋದರೂ ಸಿಕ್ಕುತ್ತದೆ. ಸಾವಿರಾರು ರೂಪಾಯಿಯ ಸಾಮಾನು ಕೂಡಿಸುವವನು ಅದನ್ನು ಇಟ್ಟುಕೊಳ್ಳಬಾರದೇಕೆ? ಕೂಡಿಸಿದ ಮೇಲೆ ರಸೀತಿಯ ಹಿಂದೆ ಎರಡು ಅಂಕಿ ಬರೆದುಕೊಡಲಿ: ಗೇಯ್ನ್ ಇಷ್ಟು ವೋಲ್ಟಿಗೆ ಹೊಂದಿಸಿದೆ, ಸ್ಟೀರಿಯೋದ ದನಿ ಇಷ್ಟನ್ನು ದಾಟಬೇಡಿ. ಗಿರಾಕಿಯೂ ಅದನ್ನು ಕೇಳಿ ಪಡೆಯಲಿ. ಡಬ್ಬಿಯೊಳಗಿನ ಪುಸ್ತಿಕೆಯಲ್ಲಿ ಇದಿಷ್ಟನ್ನು ಕನ್ನಡದಲ್ಲಿ ಒಂದು ಪುಟ ಅಚ್ಚು ಹಾಕಿಸಲು ತಯಾರಕರಿಗೆ ಎಷ್ಟು ಖರ್ಚಾದೀತು? ಬೇರೆ ದೇಶದ ನಾಲ್ಕಾರು ಭಾಷೆಗಳು ಮಾವನ ಪುಸ್ತಿಕೆಯಲ್ಲಿದ್ದವು. ಅವುಗಳಲ್ಲೊಂದನ್ನಾದರೂ ಬಲ್ಲವರು ನಮ್ಮ ತಾಲ್ಲೂಕಿನಲ್ಲಿ ಇದ್ದಂತಿಲ್ಲ.

ಕಾರ್ಖಾನೆಯಿಂದಲೇ ಸ್ಟೀರಿಯೋ ಕೂಡಿಸಿ ಬಂದ ಕಾರುಗಳಿಗೆ ಇನ್ನೊಂದು ಎಚ್ಚರಿಕೆ. ಅವುಗಳಲ್ಲಿ ಎಷ್ಟೋ ಸ್ಟೀರಿಯೋಗಳಿಗೆ ಆಂಪ್ಲಿಫಯರಿಗೆಂದು ಬೇರೆ ಹೊರದಾರಿ ಇರುವುದಿಲ್ಲ. ಸ್ಪೀಕರಿನ ತಂತಿಯಿಂದಲೇ ಸಂಕೇತ ತೆಗೆಯಬೇಕು. ಅಲ್ಲಿ ೨ ವೋಲ್ಟ್ ಅಲ್ಲ, ಪೂರ್ತಿ ದನಿಯಲ್ಲಿ ೧೦ ವೋಲ್ಟಿನ ಹತ್ತಿರ ಬರುತ್ತದೆ. ಅದನ್ನು ತಗ್ಗಿಸುವ ಪರಿವರ್ತಕದ ಮೂಲಕವೋ, ಆಂಪ್ಲಿಫಯರಿನಲ್ಲಿ "ಹೈ ಲೆವೆಲ್" ಎಂದು ಬರೆದ ಜಾಗಕ್ಕೋ ಕೊಡಬೇಕೇ ಹೊರತು ಸಣ್ಣ ಸಂಕೇತದ ಬಾಯಿಗೆ ನೇರವಾಗಿ ತುರುಕಬಾರದು.

ಊರಿನಲ್ಲಿ ಗದ್ದಲ ಹೆಚ್ಚಿಸಲು ಈ ಲೇಖನ ಬರೆದೆನೆಂದು ಯಾರೂ ಭಾವಿಸಬಾರದು. ೨೦೦೦ದ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಸಾರ್ವಜನಿಕವಾಗಿ ಧ್ವನಿವರ್ಧಕ ಹಾಕುವಂತಿಲ್ಲ. ಪರೀಕ್ಷೆಗೆ ಓದುವವನಾದ ನಾನು ಅದನ್ನು ಮನಸಾರೆ ಒಪ್ಪುತ್ತೇನೆ. ಒಡೆದ ದನಿ ಕಿರಿಕಿರಿ ಮಾಡುವಷ್ಟು ಅದೇ ಮಟ್ಟದ ಶುದ್ಧ ದನಿ ಮಾಡುವುದಿಲ್ಲ ಎಂಬುದು ಮಾತ್ರ ನನ್ನ ಅನುಭವ.

ಹೊಂದಿಸಿದ ದಿನ ಮಾವ ಹಾಡು ಹಾಕಿ ಮುಖ ಸಣ್ಣ ಮಾಡಿದರು. "ಸೌಂಡೇ ಕಮ್ಮಿ ಆಯ್ತಲ್ಲೋ" ಎಂದರು. ಅವರ ಕೈ ಅಭ್ಯಾಸದಂತೆ ಹದಿನೆಂಟಕ್ಕೆ ನಿಂತಿತ್ತು. "ಮೂವತ್ತರವರೆಗೂ ತಿರುಗಿಸಿ ಮಾವ, ಏನೂ ಆಗಲ್ಲ" ಎಂದೆ. ಒಂದೊಂದಾಗಿ ಏರಿಸಿದರು, ಪ್ರತಿ ಮೆಟ್ಟಿಲಿಗೂ ನನ್ನ ಮುಖ ನೋಡುತ್ತ. ಇಪ್ಪತ್ತೆಂಟರಲ್ಲಿ ಪಿ.ಬಿ. ಶ್ರೀನಿವಾಸರ ದನಿ ಗಾಡಿಯ ತುಂಬ ಬಂತು, ಎಲ್ಲಿಯೂ ಒಡೆಯದೆ. ಎಂಜಿನ್ ಚಾಲೂ ಮಾಡಿ ಆಕ್ಸಿಲರೇಟರ್ ಒತ್ತಿದರು. ಸೀಟಿ ಕೇಳಲಿಲ್ಲ. ಸೀಟಿನ ಕೆಳಗೆ ಬಗ್ಗಿ, ಗೇಯ್ನ್ ತಿರುಪಿನ ಗುಳಿಯ ಮೇಲೆ ಕಪ್ಪು ಟೇಪು ಅಂಟಿಸಿ, "ಇದನ್ನ ಮುಟ್ಟಿದ್ರೆ ಕೈ ಮುರೀತೀನಿ" ಎಂದು ಕ್ಲೀನರ್ ಹುಡುಗನಿಗೆ ಹೇಳಿದರು.

ಮೇಲಿನ ಲೆಕ್ಕವನ್ನೂ ಹೊಂದಿಸುವ ಕ್ರಮವನ್ನೂ ಒಂದು ಹಾಳೆಯ ಮೇಲೆ ಕನ್ನಡದಲ್ಲಿ ಬರೆದು ಮಾವನ ಡ್ಯಾಷ್‌ಬೋರ್ಡಿನಲ್ಲಿಟ್ಟಿದ್ದೇನೆ. ಸ್ಟ್ಯಾಂಡಿನ ಇನ್ನಿಬ್ಬರು ಚಾಲಕರು ಅದರ ನಕಲು ತೆಗೆಸಿಕೊಂಡು ಹೋಗಿದ್ದಾರೆ. ಬೇಕಾದವರು ಅಂತಿಮ ಬಿ.ಎ. ತರಗತಿಗೆ ಬಂದು ನನ್ನನ್ನು ಕೇಳಬಹುದು. ಪರೀಕ್ಷೆ ಮುಗಿಯುವವರೆಗೆ ಇಲ್ಲಿಯೇ ಇರುತ್ತೇನೆ.